ಬಿ.ಎಸ್ಸಿ ಓದು, ಸಂಜೆ ಕೆಲಸ, ನೀಟ್ ತಯಾರಿ: ಮೂರನ್ನೂ ಒಟ್ಟಿಗೆ ನಡೆಸುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು, ಹಗಲು ಬಿ.ಎಸ್ಸಿ ಓದುತ್ತಾ, ಸಂಜೆ ಎಲ್ಲೋ ಕೆಲಸ ಮಾಡುತ್ತಾ, ಮನಸ್ಸಿನಲ್ಲಿ ಎಂಬಿಬಿಎಸ್ ಆಸೆ ಇಟ್ಟುಕೊಂಡವರು ಬಹಳ ಜನ ಇದ್ದಾರೆ. ನಾನೂ ಎರಡು ವರ್ಷ ಹಾಗೇ ಇದ್ದೆ. ರೋಣ ತಾಲ್ಲೂಕಿನ ಹಳ್ಳಿ ನಮ್ಮದು, ನಾಲ್ಕು ಎಕರೆ ಎರಿ ಹೊಲ. ಪಿಯುಸಿ ಮುಗಿದ ವರ್ಷ ನೀಟ್‌ನಲ್ಲಿ (ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ) ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಕೋಚಿಂಗ್‌ಗೆ ದುಡ್ಡು ಕಟ್ಟುವ ಶಕ್ತಿ ಅಪ್ಪನಿಗೆ ಇರಲಿಲ್ಲ. ಹಾಗಾಗಿ ಬಿ.ಎಸ್ಸಿ ಸೇರಿದೆ, ಕೆಲಸ ಹಿಡಿದೆ, ನೀಟ್ ಮತ್ತೆ ಬರೆದೆ. ಮೂರನೇ ಸಲಕ್ಕೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಆ ಎರಡು ವರ್ಷದಲ್ಲಿ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ. ಮುಖ್ಯವಾದದ್ದು ಇಷ್ಟು. ಕೆಲಸವನ್ನು ದುಡ್ಡು ಎಷ್ಟು ಬೇಕೋ ಅಷ್ಟಕ್ಕೇ ಅಳೆದು ಹಿಡಿಯಿರಿ. ದಿನದ ಸುಸ್ತಿನ ಹೊತ್ತನ್ನು ಅದಕ್ಕೆ ಕೊಡಿ, ತಲೆ ಚುರುಕಾಗಿರುವ ಹೊತ್ತನ್ನು ಕೊಡಬೇಡಿ. ಕೆಲಸ ಬಿಡುವ ತಾರೀಖನ್ನು ಸೇರುವ ದಿನವೇ ಗೊತ್ತು ಮಾಡಿಕೊಳ್ಳಿ.

ಮೊದಲು ದುಡ್ಡಿನ ಲೆಕ್ಕ

ಕೆಲಸ ಹುಡುಕುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ತಿಂಗಳ ಖರ್ಚು ಬರೆಯಿರಿ. ರೂಮಿನ ಪಾಲು, ಖಾನಾವಳಿ, ಬಸ್ ಪಾಸು, ರೀಚಾರ್ಜು, ಝೆರಾಕ್ಸು, ಸೋಪು ಎಣ್ಣೆ, ಊರಿಗೆ ಹೋಗಿಬರುವ ಖರ್ಚು. ನನಗೆ ತಿಂಗಳಿಗೆ 6,200 ಬೇಕಾಗುತ್ತಿತ್ತು. ಮನೆಯಿಂದ 2,500 ಬರುತ್ತಿತ್ತು. ಅಂದರೆ ನಾನು ಗಳಿಸಬೇಕಾದದ್ದು 3,700, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಕಿರಲಿಲ್ಲ.

ಆದರೆ ಈ ಲೆಕ್ಕ ಹಾಕಿದ್ದು ಒಂದು ಸೆಮಿಸ್ಟರ್ ಹಾಳಾದ ಮೇಲೆ. ಮೊದಲು ಹುಬ್ಬಳ್ಳಿಯಲ್ಲಿ ಒಂದು ಅಂಗಡಿಯಲ್ಲಿ ಸಂಜೆ 5ರಿಂದ ರಾತ್ರಿ 11ರವರೆಗೆ ಕೆಲಸ ಸಿಕ್ಕಿತು, 7,500 ಸಂಬಳ ಅಂದರು, ಖುಷಿಯಿಂದ ಒಪ್ಪಿಕೊಂಡೆ. ಧಾರವಾಡಕ್ಕೆ ಬಂದು ಮಲಗುವಾಗ ರಾತ್ರಿ 12:30. ಬೆಳಿಗ್ಗೆ ಮೊದಲ ಕ್ಲಾಸು ತಪ್ಪುತ್ತಿತ್ತು, ಆಮೇಲೆ ಪ್ರಾಕ್ಟಿಕಲ್ಲೂ ತಪ್ಪತೊಡಗಿತು. ಸಂಬಳವೂ ಹೇಳಿದ ದಿನಕ್ಕೆ ಬರಲಿಲ್ಲ. ಕಾಲೇಜಿನಲ್ಲಿ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅದರ ಅಂಚಿಗೆ ಬಂದು ನಿಂತಿದ್ದೆ. ನೀಟ್ ಪುಸ್ತಕ ಮೂರು ತಿಂಗಳು ಮುಟ್ಟಲಿಲ್ಲ. ಬೇಕಾದದ್ದಕ್ಕಿಂತ ಜಾಸ್ತಿ ಗಳಿಸಿದ ಆ ದುಡ್ಡು ಎಲ್ಲಿ ಹೋಯಿತು ಅಂತ ಇವತ್ತಿಗೂ ನೆನಪಿಲ್ಲ.

ದುಡಿಯುವ ಗಂಟೆ ಕಡಿಮೆ ಮಾಡುವ ದಾರಿಗಳನ್ನೂ ಮೊದಲೇ ನೋಡಿ. ಎಲ್ಲಕ್ಕಿಂತ ದೊಡ್ಡದು ಹಾಸ್ಟೆಲ್. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕರೆ ಊಟ, ರೂಮು ಎರಡರ ಚಿಂತೆಯೂ ಹೋಗುತ್ತದೆ, ಅರ್ಧ ಕೆಲಸದ ಅವಶ್ಯಕತೆಯೇ ಇರುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆ ಇದೆ, ಶುರುವಿನಲ್ಲಿ ಅದು ತಿಂಗಳಿಗೆ 1,500ರಂತೆ 10 ತಿಂಗಳಿಗೆ ಇತ್ತು. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ ಬಿ.ಎಸ್ಸಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಇಟ್ಟಿದ್ದರು. ಈ ವರ್ಷ ಯಾವ್ಯಾವುದಕ್ಕೆ ಅರ್ಜಿ ಕರೆದಿದ್ದಾರೆ ಅಂತ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನೋಡಿ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ ಅಂತ ಬ್ಯಾಂಕಿಗೇ ಹೋಗಿ ಕೇಳಿಕೊಳ್ಳಿ, ಎಷ್ಟೋ ಜನರ ದುಡ್ಡು ನಿಲ್ಲುವುದು ಅಲ್ಲೇ. ಇನ್ನೊಂದು ಮಾತು, ಸ್ಕಾಲರ್‌ಶಿಪ್ ದುಡ್ಡನ್ನು ತಿಂಗಳ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ತಡವಾಗಿ ಬರುತ್ತದೆ, ಬಂದರೆ ಒಟ್ಟಿಗೆ ಬರುತ್ತದೆ. ಅದನ್ನು ಹಾಗೇ ಎತ್ತಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿ.ಎಸ್ಸಿ ಓದಿದರೆ ನೀಟ್ ಓದಿದ ಹಾಗಲ್ಲ

ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನೀಟ್‌ನ ಪ್ರಶ್ನೆ ಪಿಯುಸಿ ಎರಡು ವರ್ಷದ ಪಾಠದ ಮೇಲೆ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ ಇತ್ತು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಅಂಕ ಕಡಿತ. ಜೀವಶಾಸ್ತ್ರ 90 ಪ್ರಶ್ನೆ, ಫಿಸಿಕ್ಸ್ 45, ಕೆಮಿಸ್ಟ್ರಿ 45. ಮೊದಲಿದ್ದ ಆಯ್ಕೆ ಪ್ರಶ್ನೆಗಳನ್ನು ಆ ವರ್ಷ ತೆಗೆದರು. ನಿಮ್ಮ ವರ್ಷದ ನಿಯಮವನ್ನು ಪರೀಕ್ಷೆ ನಡೆಸುವ ಎನ್‌ಟಿಎ ಸಂಸ್ಥೆಯ ಮಾಹಿತಿ ಪುಸ್ತಿಕೆಯಲ್ಲಿ ನೀವೇ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಬಿ.ಎಸ್ಸಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತುಂಬಾ ಆಳಕ್ಕೆ ಹೋಗುತ್ತವೆ. ಕಲಿಯಲು ಚೆನ್ನಾಗಿರುತ್ತದೆ, ಆದರೆ ಆ ಆಳಕ್ಕೆ ನೀಟ್‌ನಲ್ಲಿ ಅಂಕ ಇಲ್ಲ. ಅಲ್ಲಿ ಬೇಕಾದದ್ದು ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದ ಒಂದೊಂದು ಸಾಲು, ಚಿತ್ರದ ಕೆಳಗಿನ ಒಂದೊಂದು ಹೆಸರು. ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಫಿಸಿಕ್ಸ್‌ನಲ್ಲಿ. ಕೆಮಿಸ್ಟ್ರಿ, ಬಾಟನಿ, ಝೂಆಲಜಿ ತೆಗೆದುಕೊಂಡವರು ಫಿಸಿಕ್ಸ್ ಪುಸ್ತಕ ತೆರೆಯುವ ಕಾರಣವೇ ಇರುವುದಿಲ್ಲ. ಆರು ತಿಂಗಳಲ್ಲಿ ಕೈ ಮರೆತುಹೋಗುತ್ತದೆ. 720ರಲ್ಲಿ 180 ಅಂಕ ಅದರದ್ದೇ, ಅಲ್ವಾ? ಅದಕ್ಕೇ ಹೇಳುತ್ತೇನೆ, ಉಳಿದದ್ದು ಏನೇ ತಪ್ಪಿದರೂ ದಿನಕ್ಕೆ 20 ಫಿಸಿಕ್ಸ್ ಲೆಕ್ಕ ತಪ್ಪಬಾರದು. ಓದುವುದಲ್ಲ, ಪೆನ್ನು ಹಿಡಿದು ಬಿಡಿಸುವುದು.

ಎರಡಕ್ಕೂ ಸೇರುವ ಜಾಗಗಳೂ ಇವೆ. ಆರ್ಗ್ಯಾನಿಕ್ ಕೆಮಿಸ್ಟ್ರಿ, ಜೆನೆಟಿಕ್ಸ್, ಸೆಲ್ ಬಯಾಲಜಿ. ಕಾಲೇಜಿನಲ್ಲಿ ಆ ಪಾಠ ನಡೆಯುವ ವಾರವೇ ಪಿಯುಸಿ ಪುಸ್ತಕದ ಅದೇ ಅಧ್ಯಾಯ ತೆಗೆದುಕೊಳ್ಳಿ, ಒಂದೇ ಶ್ರಮದಲ್ಲಿ ಎರಡೂ ಆಗುತ್ತದೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ನೀಟ್ ಕನ್ನಡದಲ್ಲೂ ಬರೆಯಬಹುದು, ಪ್ರಶ್ನೆಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಅರ್ಜಿ ಹಾಕುವಾಗಲೇ ಆರಿಸಿಕೊಳ್ಳಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿ ಇರುವ ಪ್ರಶ್ನೆಯೇ ಅಂತಿಮ. ನಾನು ಇಂಗ್ಲಿಷ್‌ನಲ್ಲೇ ಬರೆದೆ, ಯಾಕಂದರೆ ಪಿಯುಸಿ ಪಾರಿಭಾಷಿಕ ಪದಗಳೆಲ್ಲ ನನಗೆ ಇಂಗ್ಲಿಷ್‌ನಲ್ಲೇ ಬಾಯಿಪಾಠ ಆಗಿದ್ದವು.

ಯಾವ ಕೆಲಸ ಹಿಡಿಯಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಟ್ಯೂಷನ್. ಅದರಲ್ಲೂ ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಫಿಸಿಕ್ಸ್ ಅಥವಾ ಕೆಮಿಸ್ಟ್ರಿ ಹೇಳಿಕೊಡುವುದು ಸಿಕ್ಕರೆ ಬಿಡಬೇಡಿ. ಅವರಿಗೆ ಹೇಳಿಕೊಡಲು ನೀವು ಓದುವುದೇ ನಿಮ್ಮ ನೀಟ್ ಪಾಠ. ವೃತ್ತೀಯ ಚಲನೆ ನನಗೆ ನಿಜವಾಗಿ ಅರ್ಥವಾದದ್ದು ವಿದ್ಯಾಗಿರಿಯಲ್ಲಿ ಒಬ್ಬ ಹುಡುಗನಿಗೆ ಮೂರನೇ ಸಲ ಹೇಳಿಕೊಡುವಾಗ. ಎಸ್‌ಎಸ್‌ಎಲ್‌ಸಿ ಮಕ್ಕಳ ಟ್ಯೂಷನ್ ಸುಲಭವಾಗಿ ಸಿಗುತ್ತದೆ, ದುಡ್ಡು ಬರುತ್ತದೆ, ಆದರೆ ನಿಮ್ಮ ಓದಿಗೆ ಅಷ್ಟು ಸೇರುವುದಿಲ್ಲ. ಒಬ್ಬೊಬ್ಬರ ಮನೆಗೆ ಅಲೆಯುವ ಬದಲು ಒಂದೇ ಓಣಿಯ ನಾಲ್ಕೈದು ಮಕ್ಕಳನ್ನು ಒಂದೇ ಕಡೆ ಕೂರಿಸಿ. ಗಂಟೆ ಒಂದೇ, ಗಳಿಕೆ ಜಾಸ್ತಿ.

ಎರಡನೆಯದು ಮೆಡಿಕಲ್ ಶಾಪ್. ಡಾಕ್ಟರ್ ಆಗುವವರಿಗೆ ಇದು ಸಹಜವಾಗಿ ಕಣ್ಣಿಗೆ ಬೀಳುತ್ತದೆ, ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆ ಎದುರಿನ ಅಂಗಡಿ ಸಾಲು ನೋಡಿದವರಿಗೆ ಗೊತ್ತು. ನಾನು ಆಮೇಲೆ ಧಾರವಾಡದಲ್ಲೇ ಒಂದು ಅಂಗಡಿ ಹಿಡಿದೆ. ಸಂಜೆ 6ರಿಂದ 8:30, ವಾರಕ್ಕೆ ಆರು ದಿನ, 4,000 ಸಂಬಳ. ಸ್ಟಾಕ್ ಜೋಡಿಸುವುದು, ಎಕ್ಸ್‌ಪೈರಿ ನೋಡಿ ಬೇರೆ ಮಾಡುವುದು, ಬಿಲ್ ಹಾಕುವುದು. ಒಂದು ಗೆರೆ ಮಾತ್ರ ಗಟ್ಟಿಯಾಗಿ ಎಳೆದುಕೊಳ್ಳಿ. ಡಾಕ್ಟರ್ ಚೀಟಿ ನೋಡಿ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಕೆಲಸ, 1948ರ ಫಾರ್ಮಸಿ ಕಾಯ್ದೆ ಹೇಳುವುದು ಅದನ್ನೇ. ಅವರು ಅಂಗಡಿಯಲ್ಲಿ ಇಲ್ಲದಾಗ ನೀವು ಕೊಡಬೇಡಿ. ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು. ಹೆಸರು ಬರೆದುಕೊಳ್ಳಿ, ರಿಪೋರ್ಟ್ ಕೊಡಿ, ತರಬೇತಿ ಇಲ್ಲದೆ ಸೂಜಿ ಮಾತ್ರ ಹಿಡಿಯಬೇಡಿ. ಎದುರಿಗೆ ಇರುವುದು ಯಾರದೋ ಜೀವ.

ಲೈಬ್ರರಿ ಅಥವಾ ರೀಡಿಂಗ್ ರೂಮಿನಲ್ಲಿ ನೋಡಿಕೊಳ್ಳುವ ಕೆಲಸ ಸಿಕ್ಕರೆ ಸಂಬಳ ಕಡಿಮೆ ಇದ್ದರೂ ಒಪ್ಪಿ, ಕೂತಲ್ಲೇ ಓದಬಹುದು. ಸಪ್ತಾಪುರದಲ್ಲಿ ಅಂಥವು ಸಾಕಷ್ಟಿವೆ. ಬೆಳಿಗ್ಗೆ ಪೇಪರ್ ಹಾಕುವ ಕೆಲಸ ಬೇಡ ಅನ್ನುತ್ತೇನೆ, 5ರಿಂದ 7ರ ಹೊತ್ತು ಓದಿಗೆ ಬಂಗಾರ. ರಾತ್ರಿ ಬೈಕ್ ಡೆಲಿವರಿಯೂ ಬೇಡ. ದುಡ್ಡು ಕೈಗೆ ಬೇಗ ಬರುತ್ತದೆ, ಇನ್ನೊಂದು ಟ್ರಿಪ್ ಹೊಡೆಯೋಣ ಅನಿಸುತ್ತದೆ, ರಾತ್ರಿ ಜಾರಿಹೋಗುತ್ತದೆ.

ಕೆಲಸದ ಜಾಗ ಕಾಲೇಜಿಗೋ ರೂಮಿಗೋ ನಡೆಯುವಷ್ಟು ಹತ್ತಿರ ಇರಲಿ. ಹುಬ್ಬಳ್ಳಿ-ಧಾರವಾಡ ಒಂದೇ ಊರು ಅಂತ ಬಾಯಿಮಾತಿಗೆ ಹೇಳುತ್ತೇವೆ. ಆದರೆ ನಡುವೆ 20 ಕಿಲೋಮೀಟರ್ ಇದೆ. ಚಿಗರಿ ಬಸ್ ಬಂದ ಮೇಲೆ ಓಡಾಟ ಸಲೀಸಾಗಿದೆ ನಿಜ, ಆದರೂ ನಿಲ್ದಾಣಕ್ಕೆ ನಡೆದು, ಕಾದು, ಇಳಿದು, ಮತ್ತೆ ನಡೆದು ಮುಟ್ಟುವಾಗ ಒಂದು ಗಂಟೆ ಹೋಗಿರುತ್ತದೆ. ಹೋಗಿಬರಲು ಎರಡು ಗಂಟೆ, ವಾರಕ್ಕೆ ಆರು ದಿನ ಅಂದರೆ 12 ಗಂಟೆ. ಹುಬ್ಬಳ್ಳಿಯಲ್ಲಿ ಸಾವಿರ ರೂಪಾಯಿ ಜಾಸ್ತಿ ಕೊಟ್ಟರೂ ಆ 12 ಗಂಟೆಯ ಬೆಲೆ ಅದಕ್ಕಿಂತ ದೊಡ್ಡದು.

ಮಾಲೀಕರ ಹತ್ತಿರ ಮೊದಲ ದಿನವೇ ಹೇಳಬೇಕಾದದ್ದು

ನೀಟ್ ಬರೆಯುತ್ತಿದ್ದೇನೆ ಅಂತ ಮುಚ್ಚಿಡಬೇಡಿ. ಹೇಳಿದರೆ ಕೆಲಸ ಕೊಡುವುದಿಲ್ಲ ಅನ್ನುವ ಭಯ ನನಗೂ ಇತ್ತು. ಎರಡನೇ ಅಂಗಡಿಯಲ್ಲಿ ಧೈರ್ಯ ಮಾಡಿ ಹೇಳಿದೆ: "ಕಾಕಾ, ಸೆಮಿಸ್ಟರ್ ಪರೀಕ್ಷೆಗೆ ಹದಿನೈದು ದಿನ ರಜೆ ಬೇಕು. ಮಾರ್ಚ್ ಒಂದಕ್ಕೆ ಕೆಲಸ ಬಿಡ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಮೊದ್ಲ ಹೇಳಿದಿ ಚಲೋ ಆತು ತಮ್ಮಾ. ರಜಾ ಬೇಕಂದ್ರ ವಾರ ಮೊದ್ಲ ಹೇಳು, ಅವತ್ತ ಬಂದು ಹೇಳಬ್ಯಾಡ." ಅಷ್ಟೇ. ಆ ಮಾತನ್ನು ನಾನೂ ಉಳಿಸಿಕೊಂಡೆ, ಅವರೂ ಉಳಿಸಿಕೊಂಡರು.

ಸಂಬಳದ ತಾರೀಖು, ವಾರದ ರಜೆ ಯಾವ ದಿನ, ಹಬ್ಬದ ಸೀಸನ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾ, ಇವನ್ನು ಕೇಳಿ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿಡಿ. ಸಂಬಳ ಯುಪಿಐ ಮೂಲಕ ಬಂದರೆ ಒಳ್ಳೆಯದು, ಲೆಕ್ಕ ಉಳಿಯುತ್ತದೆ. ರಜೆ ಭಾನುವಾರವೇ ಇರಲಿ ಅಂತ ಪಟ್ಟು ಹಿಡಿಯಿರಿ.

ವಾರದ 168 ಗಂಟೆ

ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ 7, ಅಂದರೆ 49. ಇದನ್ನು ಮೊದಲು ತೆಗೆದಿಡಿ, ಉಳಿದದ್ದನ್ನು ಹಂಚಿ. ಎಲ್ಲರೂ ಮೊದಲು ಕತ್ತರಿ ಹಾಕುವುದು ನಿದ್ದೆಗೇ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ, ಹಾಗಾಗಿ ನಿದ್ದೆ ಕದ್ದು ಓದಿದರೆ ಓದಿದ್ದೂ ಹೋಗುತ್ತದೆ. ಕಾಲೇಜಿಗೆ 30 ಗಂಟೆ. ಕೆಲಸಕ್ಕೆ 15. ಸ್ನಾನ, ಊಟ, ಬಟ್ಟೆ, ಓಡಾಟಕ್ಕೆ ದಿನಕ್ಕೆ 4ರಂತೆ 28. ಉಳಿಯುವುದು 46. ಅದರಲ್ಲಿ 28 ನೀಟ್‌ಗೆ, 6 ಡಿಗ್ರಿಯ ನೋಟ್ಸ್ ಮತ್ತು ರೆಕಾರ್ಡ್ ಬುಕ್ಕಿಗೆ. ಇನ್ನು 12 ಗಂಟೆ ಖಾಲಿ ಬಿಡಿ. ಜ್ವರ ಬರುತ್ತದೆ, ಊರಿಂದ ಯಾರೋ ಆಸ್ಪತ್ರೆಗೆ ಬರುತ್ತಾರೆ, ಅವರ ಜೊತೆ ಓಪಿಡಿ ಚೀಟಿ ಮಾಡಿಸಲು ನೀವೇ ಹೋಗಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಇರುವ ಹಳ್ಳಿ ಹುಡುಗರಿಗೆ ಇದು ತಪ್ಪಿದ್ದಲ್ಲ, ತಪ್ಪಿಸಲೂಬಾರದು. ಆ ಹೊತ್ತು ಲೆಕ್ಕದಲ್ಲೇ ಇದ್ದರೆ ಟೈಮ್‌ಟೇಬಲ್ ಮುರಿಯುವುದಿಲ್ಲ.

ಕೆಲಸ ವಾರಕ್ಕೆ 15 ಗಂಟೆ, ತೀರಾ ಅಂದರೆ 18. ಅದಕ್ಕಿಂತ ಜಾಸ್ತಿ ಆದಾಗೆಲ್ಲ ನನ್ನ ಫಿಸಿಕ್ಸ್ ಮೊದಲು ಬಿತ್ತು.

ನನ್ನ ದಿನ ಹೀಗಿತ್ತು. ಬೆಳಿಗ್ಗೆ 5ಕ್ಕೆ ಎದ್ದು 5:30ರಿಂದ 8ರವರೆಗೆ ನೀಟ್, ಮೊದಲು ಫಿಸಿಕ್ಸ್ ಲೆಕ್ಕ, ಆಮೇಲೆ ಕೆಮಿಸ್ಟ್ರಿ. ಆಮೇಲೆ ಕಾಲೇಜು. ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಲೈಬ್ರರಿಯಲ್ಲಿ ಕೂತು ಅವತ್ತಿನ ಡಿಗ್ರಿ ಪಾಠ ಅವತ್ತೇ ಮುಗಿಸುತ್ತಿದ್ದೆ, ರೂಮಿಗೆ ಹೋದರೆ ಮಾತಿನಲ್ಲಿ ಹೊತ್ತು ಹೋಗುತ್ತದೆ. 6ಕ್ಕೆ ಅಂಗಡಿ. 8:30ಕ್ಕೆ ಬಿಟ್ಟು ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ, ಪಲ್ಯ. 9ರಿಂದ 10 ಜೀವಶಾಸ್ತ್ರ, ಓದಿದ್ದನ್ನೇ ಮತ್ತೆ ನೋಡುವುದು ಮಾತ್ರ. ರಾತ್ರಿ ದಣಿದ ತಲೆಗೆ ಹೊಸ ಪಾಠ ಹತ್ತುವುದಿಲ್ಲ. 10ಕ್ಕೆ ದೀಪ ಆರಿಸುವುದು. ಬಸ್ಸಿನಲ್ಲಿ ಪುಸ್ತಕ ಹಿಡಿಯುತ್ತಿರಲಿಲ್ಲ. ಹಿಂದಿನ ದಿನ ಓದಿದ ಅಧ್ಯಾಯವನ್ನು ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತಿದ್ದೆ, ನೆನಪಾಗದ ಜಾಗ ಮಾತ್ರ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಭಾನುವಾರ ಮಧ್ಯಾಹ್ನ 2ರಿಂದ 5 ಮಾಕ್ ಟೆಸ್ಟ್. ನೀಟ್ ನಡೆಯುವುದೂ ಅದೇ ಹೊತ್ತಿಗೆ. ಭಾನುವಾರದ ರಜೆಗೆ ಪಟ್ಟು ಹಿಡಿಯಿರಿ ಅಂದದ್ದು ಇದಕ್ಕೇ. ಊಟ ಆದ ಮೇಲೆ ನಿದ್ದೆ ಬರುವ ಆ ಹೊತ್ತಿನಲ್ಲಿ ಮೂರು ಗಂಟೆ ಕೂರುವ ಅಭ್ಯಾಸ ಮೈಗೆ ಆಗಬೇಕು. ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ಅವೇ ಸಾಕು. ಜೀವಶಾಸ್ತ್ರದ 90 ಪ್ರಶ್ನೆಯನ್ನು 50 ನಿಮಿಷದಲ್ಲಿ ಮುಗಿಸುವುದನ್ನು ಕಲಿತರೆ ಫಿಸಿಕ್ಸ್‌ಗೆ ಉಸಿರು ಸಿಗುತ್ತದೆ. ಟೆಸ್ಟ್ ಬರೆದು ಅಂಕ ನೋಡಿ ಬಿಟ್ಟರೆ ಏನೂ ಉಪಯೋಗ ಇಲ್ಲ. ಅವತ್ತು ಸಂಜೆ ತಪ್ಪಾದ ಒಂದೊಂದು ಪ್ರಶ್ನೆಗೂ ಕಾರಣ ಬರೆಯಿರಿ: ಓದಿರಲಿಲ್ಲವಾ, ಓದಿ ಮರೆತಿದ್ದಾ, ಲೆಕ್ಕದಲ್ಲಿ ಕೈ ತಪ್ಪಿದ್ದಾ, ಪ್ರಶ್ನೆ ಅರ್ಧ ಓದಿದ್ದಾ. ನನ್ನ ನೋಟ್‌ಬುಕ್ಕಿನಲ್ಲಿ "ಪ್ರಶ್ನೆ ಅರ್ಧ ಓದಿದ್ದು" ಅನ್ನುವುದೇ ಎಲ್ಲಕ್ಕಿಂತ ಜಾಸ್ತಿ ಇತ್ತು. "ಯಾವುದು ಸರಿಯಲ್ಲ" ಅಂತ ಕೇಳಿದ್ದನ್ನು "ಯಾವುದು ಸರಿ" ಅಂತ ಓದುತ್ತಿದ್ದೆ. ಆಮೇಲೆ "ಅಲ್ಲ" ಅನ್ನುವ ಪದಕ್ಕೆ ಸುತ್ತು ಹಾಕುವುದನ್ನು ರೂಢಿ ಮಾಡಿಕೊಂಡೆ.

ವರ್ಷದ ನಕ್ಷೆ, ಕೆಲಸ ಬಿಡುವ ದಿನ

2023, 2024, 2025 ಮೂರೂ ವರ್ಷ ನೀಟ್ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ. 2025ರಲ್ಲಿ ಅರ್ಜಿ ಹಾಕುವ ಹೊತ್ತು ಫೆಬ್ರುವರಿ 7ರಿಂದ ಮಾರ್ಚ್ 7. ಶುಲ್ಕ ಸಾಮಾನ್ಯ ವರ್ಗಕ್ಕೆ 1,700, ಒಬಿಸಿಗೆ 1,600, ಪರಿಶಿಷ್ಟರಿಗೆ 1,000 ಇತ್ತು. ಆ ದುಡ್ಡನ್ನು ಜನವರಿಯಲ್ಲೇ ಬೇರೆ ಇಡಿ.

ಜೂನ್‌ನಿಂದ ಡಿಸೆಂಬರ್‌ವರೆಗೆ ಪೂರ್ತಿ ಪಾಠ ಒಂದು ಸುತ್ತು. ಜನವರಿ, ಫೆಬ್ರುವರಿಯಲ್ಲಿ ಎರಡನೇ ಸುತ್ತು. ಮಾರ್ಚ್, ಏಪ್ರಿಲ್ ಕೆಲಸ ಇಲ್ಲ, ಕಾಲೇಜಿಗೆ ಹಾಜರಾತಿಗೆ ಬೇಕಾದಷ್ಟು ಹೋಗಿ, ಉಳಿದದ್ದೆಲ್ಲ ನೀಟ್. ಹಾಗೆ ಮಾಡಬೇಕಂದರೆ ಮೊದಲ ಏಳೆಂಟು ತಿಂಗಳು ಒಂದು ದಿನವೂ ಸುಮ್ನೆ ಕ್ಲಾಸ್ ತಪ್ಪಿಸಬಾರದು, ಆಗ ಹಾಜರಾತಿಯ ಭಯ ಇರುವುದಿಲ್ಲ. ಎರಡು ತಿಂಗಳು ಸಂಬಳ ಇಲ್ಲದೆ ಬದುಕಲು ನನಗೆ ಬೇಕಿದ್ದದ್ದು 7,400. ಎತ್ತಿಡಿ ಅಂದೆನಲ್ಲ ಸ್ಕಾಲರ್‌ಶಿಪ್ ದುಡ್ಡು, ಅದು ಇದಕ್ಕೆ. ಬರದಿದ್ದರೂ ತೊಂದರೆ ಆಗಬಾರದು ಅಂತ ಸಂಬಳದಿಂದಲೂ ತಿಂಗಳಿಗೆ 300 ಉಳಿಸುತ್ತಿದ್ದೆ, ಹೆಸರುಕಾಳು ಮಾರಿದಾಗ ಅಪ್ಪ ಸ್ವಲ್ಪ ಸೇರಿಸಿದ.

ಊರಿನ ಕೆಲಸವನ್ನೂ ಈ ನಕ್ಷೆಯಲ್ಲಿ ಬರೆಯಿರಿ. ನಮ್ಮ ಕಡೆ ಮುಂಗಾರಿ ಹೆಸರು ಕೀಳುವುದು ಆಗಸ್ಟ್ ಹೊತ್ತಿಗೆ, ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್. ಹಾವೇರಿ ಕಡೆಯವರಿಗೆ ಮೆಣಸಿನಕಾಯಿ ಬಿಡಿಸುವ ಹೊತ್ತು ಬೇರೆ. "ಯಾವಾಗ ಬರ್ತೀಯೋ" ಅಂತ ಅವ್ವ ಫೋನಿನಲ್ಲಿ ಕೇಳಿದಾಗ ಇಲ್ಲ ಅನ್ನಲು ಆಗುವುದಿಲ್ಲ. ಹಾಗಾಗಿ ಪಂಚಮಿಗೆ ಮೂರು ದಿನ, ಹೆಸರಿಗೆ ನಾಲ್ಕು ದಿನ ಅಂತ ಮೊದಲೇ ಹೇಳಿದ್ದೆ. ಮಾರ್ಚ್‌ನಿಂದ ಮೇವರೆಗೆ ಬರುವುದಿಲ್ಲ ಅಂತಲೂ ಹೇಳಿದ್ದೆ. ಮೊದಲೇ ಗೊತ್ತಿದ್ದರೆ ಮನೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟು ಸಲ ಬರೆಯುತ್ತೀರಿ ಅನ್ನುವುದನ್ನೂ ಈಗಲೇ ಬರೆದಿಡಿ. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ, 2022ರಲ್ಲೇ ತೆಗೆದರು. ಮಿತಿ ನೀವೇ ಹಾಕಿಕೊಳ್ಳಬೇಕು. ಡಿಗ್ರಿ ಮುಗಿಯುವವರೆಗೆ ಅಂತ ನಾನು ಇಟ್ಟುಕೊಂಡಿದ್ದೆ. ಅದಕ್ಕೇ ಬಿ.ಎಸ್ಸಿಯನ್ನು ಕಡೆಗಣಿಸಬೇಡಿ ಅನ್ನುವುದು, ಸೀಟು ಸಿಗದಿದ್ದರೆ ಎಂ.ಎಸ್ಸಿ, ಬಿ.ಇಡಿ ಬಾಗಿಲು ತೆರೆದಿರಬೇಕು. ಬಿಎಎಂಎಸ್ ಸೀಟೂ ನೀಟ್ ಅಂಕದ ಮೇಲೆಯೇ, ಹುಬ್ಬಳ್ಳಿಯಲ್ಲೂ ಗದಗದಲ್ಲೂ ಆಯುರ್ವೇದ ಕಾಲೇಜುಗಳಿವೆ. ಎಂಬಿಬಿಎಸ್‌ಗೆ ನಮ್ಮ ಸುತ್ತಲೇ ಸರ್ಕಾರಿ ಕಾಲೇಜುಗಳಿವೆ: 1957ರಿಂದ ಇರುವ ಹುಬ್ಬಳ್ಳಿಯದು, ಗದಗ, ಮತ್ತು ಈಚೆಗೆ ಶುರುವಾದ ಹಾವೇರಿ. ಮನೆಗೆ ಹತ್ತಿರ ಅಂತ ಇವನ್ನೇ ಹಿಡಿದು ಕೂರಬೇಡಿ, ಆಯ್ಕೆ ತುಂಬುವಾಗ ರಾಜ್ಯದ ಎಲ್ಲಾ ಸರ್ಕಾರಿ ಕಾಲೇಜುಗಳನ್ನೂ ಹಾಕಿ.

ಕಾಗದಪತ್ರದ ಫೈಲು

ಅಂಕ ಬಂದೂ ಒದ್ದಾಡುವುದು ಇಲ್ಲಿ. ಸರ್ಕಾರಿ ಕಾಲೇಜಿನ ಶೇ 85 ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಶೇ 15 ಅಖಿಲ ಭಾರತ ಕೋಟಾ. ಎರಡಕ್ಕೂ ಬೇರೆ ಬೇರೆ ನೋಂದಣಿ. 1ರಿಂದ 10ನೇ ತರಗತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ ಕೇಳಬಹುದು. ಅದರ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಸಹಿ ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಜೂನ್‌ನಲ್ಲಿ ಹೋದರೆ ಶಾಲೆ ಶುರುವಾಗುವ ಗದ್ದಲ, ಪಂಚಮಿಗೋ ದೀಪಾವಳಿಗೋ ಊರಿಗೆ ಹೋದಾಗಲೇ ಹಬ್ಬದ ಮರುದಿನ ಮುಗಿಸಿಕೊಂಡು ಬನ್ನಿ. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ರಾಜ್ಯದ ಹಿಂದುಳಿದ ಪಟ್ಟಿಯಲ್ಲಿರುವ ಎಲ್ಲಾ ಜಾತಿಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ, ನೀಟ್ ಅರ್ಜಿಯಲ್ಲಿ ವರ್ಗ ತುಂಬುವ ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ಬಿ.ಎಸ್ಸಿ ಸೇರುವಾಗ ಕೊಟ್ಟ ಮೂಲ ಅಂಕಪಟ್ಟಿ, ಟಿಸಿ. ಅವು ಕಾಲೇಜಿನ ಕಪಾಟಿನಲ್ಲಿ ಇರುತ್ತವೆ, ಸೀಟು ಸಿಕ್ಕಾಗ ಎರಡು ಮೂರು ದಿನದಲ್ಲಿ ಬೇಕಾಗುತ್ತವೆ. ಕೌನ್ಸೆಲಿಂಗ್‌ಗೆ ಮೂಲಪ್ರತಿ ವಾಪಸ್ ಪಡೆಯಲು ಏನು ಮಾಡಬೇಕು, ಯಾವ ಟೇಬಲ್‌ಗೆ ಅರ್ಜಿ ಕೊಡಬೇಕು ಅಂತ ಏಪ್ರಿಲ್ ಒಳಗೇ ಆಫೀಸಿನಲ್ಲಿ ಕೇಳಿಡಿ. ಕೊಡುವ ಮೊದಲೇ ಎಲ್ಲದರ ಐದೈದು ಝೆರಾಕ್ಸ್, ಮೊಬೈಲಿನಲ್ಲಿ ಒಂದು ಸ್ಕ್ಯಾನ್. ಉಳಿದ ಮೂಲಪ್ರತಿಗಳ ಫೈಲನ್ನು ಊರಿನ ಟ್ರಂಕಿನಲ್ಲಿ ಬಿಡಬೇಡಿ, ಫಲಿತಾಂಶ ಬರುವ ಮೊದಲೇ ರೂಮಿಗೆ ತಂದಿಟ್ಟುಕೊಳ್ಳಿ.